ಮನೆಯ ಆರೋಗ್ಯ: ಇಲ್ಲದ್ದು ಕಾಣುವುದು, ಇಲ್ಲದ್ದು ಕೇಳುವುದು



ಸಂಜೆ ದೀಪ ಹಚ್ಚುವ ಹೊತ್ತಿಗೆ ಎಂಬತ್ತು ದಾಟಿದ ಅಜ್ಜಿಯೊಬ್ಬರು ಪಡಸಾಲೆಯ ಮೂಲೆಯತ್ತ ಕೈಮಾಡಿ, "ಆ ಹುಡುಗರಿಗೆ ಏನಾರ ಉಣ್ಣಾಕ ಕೊಡವ್ವಾ, ಆಗಲಿಂದ ಕುಂತಾವು" ಎಂದು ಸೊಸೆಗೆ ಹೇಳುತ್ತಾರೆ. ಮೂಲೆಯಲ್ಲಿ ಯಾರೂ ಇರುವುದಿಲ್ಲ. ಇನ್ನೊಂದು ಮನೆಯಲ್ಲಿ ಪದವಿ ತರಗತಿಯಲ್ಲಿ ಓದುವ ಮಗನು ಕೋಣೆಯ ಬಾಗಿಲು ಹಾಕಿಕೊಂಡು ಯಾರೊಂದಿಗೋ ವಾದಿಸುತ್ತಿರುತ್ತಾನೆ. ಒಳಗೆ ಹೋಗಿ ನೋಡಿದರೆ ಅವನೊಬ್ಬನೇ. ಮೂರನೆಯ ಮನೆಯಲ್ಲಿ, ಪತಿಯು ಲಿಂಗೈಕ್ಯರಾಗಿ ಎರಡು ತಿಂಗಳಾಗಿರುವ ತಾಯಿಯೊಬ್ಬರಿಗೆ ನಸುಕಿನಲ್ಲಿ ಅವರ ಕೆಮ್ಮು, ಅವರ ಚಪ್ಪಲಿಯ ಸಪ್ಪಳ ಸ್ಪಷ್ಟವಾಗಿ ಕೇಳುತ್ತದೆ. ಇಂಥ ಮನೆಗಳು ಯಾವ ಊರಿನಲ್ಲಿ ಇಲ್ಲ? ಮೂರರಲ್ಲಿಯೂ ಹಲವು ವೇಳೆ ಮನೆಯವರು ಮೊದಲು ಮಾಡುವ ಕೆಲಸ ಒಂದೇ ಆಗಿರುತ್ತದೆ. ದೃಷ್ಟಿ ತೆಗೆಯುತ್ತಾರೆ, ತಾಯಿತ ಕಟ್ಟಿಸುತ್ತಾರೆ, "ನೋಡುವವರ" ಬಳಿಗೆ ಕರೆದೊಯ್ಯುತ್ತಾರೆ. ಆದರೆ ವೈದ್ಯಶಾಸ್ತ್ರವು ಈ ಮೂವರ ಸ್ಥಿತಿಗೂ ಬೇರೆ ಬೇರೆ ಕಾರಣಗಳನ್ನು ಹೇಳುತ್ತದೆ. ಉಪಚಾರವೂ ಬೇರೆ ಬೇರೆ. ಒಬ್ಬರಿಗಂತೂ ಬಹುಶಃ ಯಾವ ಔಷಧಿಯೂ ಬೇಡ.

ಹೊರಗೆ ವಸ್ತುವಿಲ್ಲದಿರುವಾಗಲೂ ಇಂದ್ರಿಯಕ್ಕೆ ಅದು ಇದ್ದಂತೆಯೇ ಅನುಭವವಾಗುವುದನ್ನು ಇಂದ್ರಿಯಭ್ರಮೆ ಎನ್ನಬಹುದು. ನಾವು ಇದನ್ನು ಸುಲಭವಾಗಿ ಬೇರೆ ಎರಡು ಸಂಗತಿಗಳೊಡನೆ ಬೆರೆಸಿಬಿಡುತ್ತೇವೆ. ಮಬ್ಬುಗತ್ತಲಲ್ಲಿ ಹಗ್ಗವನ್ನು ಹಾವೆಂದು ಕಂಡು ಹೆದರುವುದು ನಮ್ಮ ವೇದಾಂತಿಗಳ ಬಹು ಹಳೆಯ ದೃಷ್ಟಾಂತ; ಅಲ್ಲಿ ಹಗ್ಗವೆಂಬ ವಸ್ತುವೊಂದು ಇದೆ, ಕಂಡದ್ದು ಮಾತ್ರ ತಪ್ಪಾಗಿದೆ. ಅದು ಭ್ರಾಂತಿ. ಹಗ್ಗವೂ ಇಲ್ಲದ ಬರಿಯ ನೆಲದ ಮೇಲೆ ಹಾವು ಹರಿದಾಡುವುದು ಕಂಡರೆ ಅದು ಇಂದ್ರಿಯಭ್ರಮೆ. ಫ್ರಾನ್ಸಿನ ವೈದ್ಯ ಎಸ್ಕಿರೋಲನು 1838ರಲ್ಲಿ ಪ್ರಕಟಿಸಿದ ಮನೋರೋಗಗಳ ಗ್ರಂಥದಲ್ಲಿ ಈ ವ್ಯತ್ಯಾಸವನ್ನು ಖಚಿತವಾಗಿ ಗುರುತಿಸಿದನು. ಇನ್ನು, "ನೆರೆಯವರು ನನ್ನ ಅನ್ನಕ್ಕೆ ವಿಷ ಹಾಕುತ್ತಿದ್ದಾರೆ" ಎಂದು ಯಾವ ಆಧಾರವೂ ಇಲ್ಲದೆ ದೃಢವಾಗಿ ನಂಬುವುದು ಮೂರನೆಯ ಸಂಗತಿ. ಅದು ಇಂದ್ರಿಯದ್ದಲ್ಲ, ನಂಬಿಕೆಯದು. ರೋಗಿಯಲ್ಲಿ ಇವು ಜೊತೆಜೊತೆಯಾಗಿ ಬರಬಹುದಾದರೂ ಬೇರೆಯೆಂದು ತಿಳಿದಿರುವುದು ಒಳ್ಳೆಯದು.

ಭ್ರಮೆಗೆ ಒಳಗಾದವರು ಸುಳ್ಳು ಹೇಳುತ್ತಿದ್ದಾರೆ, ನಾಟಕ ಮಾಡುತ್ತಿದ್ದಾರೆ ಎಂದು ಮನೆಯವರು ಸಿಟ್ಟಾಗುವುದುಂಟು. ಇದು ನ್ಯಾಯವಲ್ಲ. ಮಾಂಟ್ರಿಯಲ್ ನಗರದ ನರಶಸ್ತ್ರವೈದ್ಯ ವೈಲ್ಡರ್ ಪೆನ್‌ಫೀಲ್ಡ್, ಮೂರ್ಛೆರೋಗದ ಶಸ್ತ್ರಚಿಕಿತ್ಸೆಯ ವೇಳೆಯಲ್ಲಿ ಎಚ್ಚರವಿರುವ ರೋಗಿಗಳ ಮೆದುಳಿನ ಕಪೋಲಭಾಗವನ್ನು ಅತಿ ಸಣ್ಣ ವಿದ್ಯುತ್ ಪ್ರವಾಹದಿಂದ ಮುಟ್ಟಿದಾಗ, ಅವರಲ್ಲಿ ಕೆಲವರಿಗೆ ಸಂಗೀತವೂ ಪರಿಚಿತರ ಧ್ವನಿಯೂ ಕೇಳಿಸಿದವು. ಕೋಣೆಯಲ್ಲಿ ಹಾಡುವವರು ಯಾರೂ ಇರಲಿಲ್ಲ. ಮುಂದೆ ಮೆದುಳಿನ ಚಿತ್ರಗಳನ್ನು ತೆಗೆಯುವ ಯಂತ್ರಗಳು ಬಂದ ಮೇಲೆ, ರೋಗಿಗೆ ಧ್ವನಿ ಕೇಳಿಸುತ್ತಿರುವ ಕ್ಷಣದಲ್ಲಿ ಮಾತಿಗೂ ಶ್ರವಣಕ್ಕೂ ಸಂಬಂಧಿಸಿದ ಭಾಗಗಳು ನಿಜವಾಗಿಯೂ ಚುರುಕಾಗುವುದು ಕಂಡುಬಂದಿತು. ಕೇಳುವವನಿಗೆ ಆ ಧ್ವನಿಯು ನಿಮ್ಮ ಧ್ವನಿಯಷ್ಟೇ ನಿಜ.

ಇದು ಹೇಗೆ ಸಾಧ್ಯವೆಂಬುದನ್ನು ಅರಿಯಲು, ಕಣ್ಣು ಕಿವಿಗಳು ತಂದದ್ದನ್ನು ಮೆದುಳು ಹಾಗೆಯೇ ಸ್ವೀಕರಿಸುತ್ತದೆಂಬ ಕಲ್ಪನೆಯನ್ನು ಬಿಡಬೇಕಾಗುತ್ತದೆ. ಮೆದುಳು ಸದಾ ಊಹೆ ಮಾಡುತ್ತಿರುತ್ತದೆ. ಅರ್ಧ ಕೇಳಿದ ಮಾತನ್ನು ಪೂರ್ತಿಮಾಡುತ್ತದೆ, ಮಾಸಿದ ಅಕ್ಷರವನ್ನು ತಾನೇ ತುಂಬಿ ಓದುತ್ತದೆ. ಹೊರಗಿನಿಂದ ಬರುವ ಸುದ್ದಿಯು ಈ ಊಹೆಯನ್ನು ತಿದ್ದುತ್ತಿರುವವರೆಗೆ ಎಲ್ಲವೂ ಸರಿ. ಸುದ್ದಿ ನಿಂತರೆ, ಅಥವಾ ತಿದ್ದುವ ವ್ಯವಸ್ಥೆಯೇ ಕೆಟ್ಟರೆ, ಊಹೆಯೇ ದೃಶ್ಯವಾಗಿ, ಧ್ವನಿಯಾಗಿ ನಿಲ್ಲುತ್ತದೆ. ಇನ್ನೊಂದು ಸೂಕ್ಷ್ಮವಿದೆ. ತನಗೆ ತಾನೇ ಕಚಗುಳಿ ಇಟ್ಟುಕೊಂಡರೆ ನಗು ಬಾರದು. ಏಕೆಂದರೆ "ಇದು ನನ್ನದೇ ಕೈ" ಎಂಬ ಮುನ್ಸೂಚನೆ ಮೆದುಳಿಗೆ ಇರುತ್ತದೆ. ನಾವು ಮನಸ್ಸಿನೊಳಗೆ ಆಡಿಕೊಳ್ಳುವ ಮಾತಿಗೂ ಅಂಥದೇ ಗುರುತು ಇರಬೇಕು. ಆ ಗುರುತು ತಪ್ಪಿದರೆ ತನ್ನ ಒಳಮಾತೇ ಪರರ ಮಾತಾಗಿ ಕಿವಿಗೆ ಬೀಳುತ್ತದೆಂದು ಅನೇಕ ವಿದ್ವಾಂಸರ ಅಭಿಪ್ರಾಯ. ಎಲ್ಲ ಧ್ವನಿಗಳನ್ನೂ ಇದೊಂದರಿಂದಲೇ ವಿವರಿಸಲಾಗದಿದ್ದರೂ ಬಹುಪಾಲು ಒಪ್ಪತಕ್ಕ ವಿವರಣೆಯೆಂದು ನನಗೆ ತೋರುತ್ತದೆ.

ಈಗ ಪಡಸಾಲೆಯ ಅಜ್ಜಿಯ ಸಂಗತಿ. ಜಿನೀವಾ ನಗರದ ನಿಸರ್ಗಶಾಸ್ತ್ರಜ್ಞ ಚಾರ್ಲ್ಸ್ ಬಾನೆ ಎಂಬುವನು 1760ರಲ್ಲಿ ತನ್ನ ಅಜ್ಜನ ವಿಷಯವನ್ನು ಬರೆದಿಟ್ಟನು. ಅಜ್ಜ ಚಾರ್ಲ್ಸ್ ಲುಲ್ಲೆ ಎಂಬತ್ತೊಂಬತ್ತರ ವಯೋವೃದ್ಧ. ಕಣ್ಣಿನ ಪೊರೆಯ ತೊಂದರೆಯಿಂದ ದೃಷ್ಟಿ ಬಹುಮಟ್ಟಿಗೆ ಕುಂದಿದ್ದರೂ ಬುದ್ಧಿ ಚೆನ್ನಾಗಿತ್ತು. ಅವನಿಗೆ ಗಂಡಸರು, ಹೆಂಗಸರು, ಹಕ್ಕಿಗಳು, ಗಾಡಿಗಳು, ಕಟ್ಟಡಗಳು ಕಾಣುತ್ತಿದ್ದವು. ಅವು ನಿಜವಲ್ಲವೆಂಬುದೂ ಅವನಿಗೆ ತಿಳಿದಿತ್ತು. ಇಂದು ಈ ಸ್ಥಿತಿಯನ್ನು ಆ ಮೊಮ್ಮಗನ ಹೆಸರಿನಿಂದಲೇ ಕರೆಯುತ್ತಾರೆ. ಕಣ್ಣಿನಿಂದ ಸುದ್ದಿ ಬಾರದೆ ಕೆಲಸವಿಲ್ಲದಂತಾದ ಮೆದುಳಿನ ದೃಷ್ಟಿಭಾಗವು ತಾನೇ ಚಿತ್ರಗಳನ್ನು ಬಿಡಿಸಿಕೊಳ್ಳುತ್ತದೆ. ಪೊರೆ, ಸಕ್ಕರೆ ಕಾಯಿಲೆಯಿಂದಾದ ಅಕ್ಷಿಪಟಲದ ಹಾನಿ, ಕಣ್ಣಿನ ಒತ್ತಡದ ರೋಗ ಇವು ನಮ್ಮ ಹಿರಿಯರಲ್ಲಿ ಎಷ್ಟು ಸಾಮಾನ್ಯವೆಂಬುದನ್ನು ನೆನೆದರೆ, ಇಂಥ ಚಿತ್ರಗಳನ್ನು ಕಾಣುತ್ತಿರುವ ಅಜ್ಜ ಅಜ್ಜಿಯರು ನಾವು ತಿಳಿದುದಕ್ಕಿಂತ ಹೆಚ್ಚೇ ಇರಬೇಕು. ಅವರು ಹೇಳುವುದಿಲ್ಲ. ಹೇಳಿದರೆ ತಲೆ ಕೆಟ್ಟಿತೆಂದಾರೆಂಬ ಭಯ. ಬಣ್ಣಬಣ್ಣದ ಸೀರೆಯುಟ್ಟ ಪುಟ್ಟ ಹೆಂಗಸರು ಸಾಲಾಗಿ ಹೋಗುವುದನ್ನು ಕಾಣುತ್ತ, ಯಾರಿಗೂ ಹೇಳಲಾರದೆ ಒಬ್ಬರೇ ಕುಳಿತಿರುವ ಹಿರಿಯ ಜೀವವನ್ನು ಊಹಿಸಿಕೊಳ್ಳಿ. ಇಂಥವರಿಗೆ ಮೊದಲು ಬೇಕಾದದ್ದು ಕಣ್ಣಿನ ವೈದ್ಯರ ಪರೀಕ್ಷೆ. ಪೊರೆಯೇ ಕಾರಣವಾಗಿದ್ದರೆ ಅದನ್ನು ತೆಗೆಸಿದ ಮೇಲೆ ಹಲವರಿಗೆ ದೃಶ್ಯಗಳು ನಿಂತುಹೋಗುತ್ತವೆ. ಎರಡನೆಯದಾಗಿ "ಇದು ಹುಚ್ಚಲ್ಲ, ಅಜ್ಜಿ" ಎಂಬ ಒಂದು ಮಾತು. ಆ ಮಾತಿನಿಂದಲೇ ಅರ್ಧ ಭಾರ ಇಳಿಯುವುದು.

ಕಿವಿ ಮಂದವಾದವರಲ್ಲಿಯೂ ಇದೇ ಬಗೆಯ ಸಂಗತಿ ನಡೆಯುತ್ತದೆ. ಹಳೆಯ ಹಾಡು, ಭಜನೆಯ ಒಂದೇ ಸಾಲು, ವಾದ್ಯದ ನಾದ ಗಂಟೆಗಟ್ಟಲೆ ಕೇಳಿಸಬಹುದು. "ಪಕ್ಕದ ಮನೆಯವರು ರೇಡಿಯೋ ಆರಿಸುವುದೇ ಇಲ್ಲ" ಎಂದು ಹಿರಿಯರು ದೂರಿದರೆ ಒಮ್ಮೆ ಶ್ರವಣ ಪರೀಕ್ಷೆ ಮಾಡಿಸಿ.

ಆದರೆ ಅಜ್ಜಿಗೆ ಕಂಡ ಮಕ್ಕಳಿಗೆ ಬೇರೆ ಕಾರಣವೂ ಇರಬಹುದೆಂಬುದನ್ನು ಮರೆಯಕೂಡದು. ಮರೆವಿನ ಕಾಯಿಲೆಗಳಲ್ಲಿ ಒಂದು ಬಗೆ ಇದೆ. ಅದನ್ನು ಲೂಯಿ ಕಣಗಳ ಮರೆವು ಎನ್ನುತ್ತಾರೆ. ಅದರಲ್ಲಿ ಮನುಷ್ಯರು, ಮಕ್ಕಳು, ಪ್ರಾಣಿಗಳು ಸ್ಪಷ್ಟವಾಗಿ ಕಾಣುವುದು ರೋಗದ ಮುಖ್ಯ ಲಕ್ಷಣಗಳಲ್ಲಿ ಒಂದು. ನಡಿಗೆ ನಿಧಾನವಾಗುವುದು, ಕೈಕಾಲು ಬಿಗಿಯುವುದು, ಒಂದು ದಿನ ಚುರುಕು ಮತ್ತೊಂದು ದಿನ ಮಂಕು ಎಂಬಂತೆ ಬುದ್ಧಿ ಏರಿಳಿಯುವುದು, ರಾತ್ರಿ ಕನಸಿನಲ್ಲಿ ಕೈಕಾಲು ಬೀಸುವುದು ಇವು ಜೊತೆಗೂಡುತ್ತವೆ. ಪಾರ್ಕಿನ್ಸನ್ ರೋಗಿಗಳಿಗೂ, ರೋಗದಿಂದಲೋ ಅದಕ್ಕೆ ಕೊಡುವ ಔಷಧಿಯಿಂದಲೋ, ಇಂಥ ದೃಶ್ಯಗಳು ಕಾಣಬಹುದು. ಇಲ್ಲಿ ಒಂದು ಎಚ್ಚರಿಕೆಯನ್ನು ಒತ್ತಿ ಹೇಳಬೇಕು. ಇಂಥ ರೋಗಿಗಳಿಗೆ ಸಾಮಾನ್ಯ ಮನೋರೋಗದ ಕೆಲವು ಗುಳಿಗೆಗಳು ಅಪಾಯಕಾರಿ. ಮೈ ಕಟ್ಟಿಗೆಯಂತೆ ಬಿಗಿದು ಪ್ರಾಣಕ್ಕೇ ಕುತ್ತು ಬರಬಹುದು. "ನಮ್ಮ ಮಾವನವರಿಗೂ ಹಿಂಗ ಆಗಿತ್ತು, ಈ ಗುಳಗಿ ಕೊಟ್ವಿ, ತಣ್ಣಗ ಮಲಗಿದ್ರು" ಎಂದು ಬೀಗರ ಮನೆಯಿಂದ ಬಂದ ಗುಳಿಗೆಯನ್ನು ದಯಮಾಡಿ ಕೊಡಬೇಡಿ.

ಪತಿಯ ಕೆಮ್ಮು ಕೇಳಿದ ತಾಯಿಯ ವಿಷಯಕ್ಕೆ ಬರೋಣ. ವೇಲ್ಸ್ ನಾಡಿನ ಹಳ್ಳಿಗಾಡಿನಲ್ಲಿ ವೈದ್ಯರಾಗಿದ್ದ ಡ್ಯೂಯಿ ರೀಸ್ ಅವರು 1971ರಲ್ಲಿ ಒಂದು ಅಧ್ಯಯನವನ್ನು ಪ್ರಕಟಿಸಿದರು. ಅವರು ಗಂಡನನ್ನೋ ಹೆಂಡತಿಯನ್ನೋ ಕಳೆದುಕೊಂಡ 293 ಮಂದಿಯನ್ನು ಮಾತನಾಡಿಸಿದ್ದರು. ಹೆಚ್ಚುಕಡಿಮೆ ಅರ್ಧದಷ್ಟು ಜನರಿಗೆ ತೀರಿಹೋದ ಸಂಗಾತಿಯ ಇರವಿನ ಅನುಭವವಾಗಿತ್ತು. ಕೆಲವರು ಕಂಡಿದ್ದರು, ಕೆಲವರು ಧ್ವನಿ ಕೇಳಿದ್ದರು, ಹತ್ತಿರದಲ್ಲೆಲ್ಲೋ ಇದ್ದಾರೆಂಬ ಭಾವವೇ ಹೆಚ್ಚಿನವರದು. ಬಹುಮಂದಿಗೆ ಅದು ಹಿತವಾಗಿಯೇ ಇತ್ತು. ಬಹುಮಂದಿ ಅದುವರೆಗೆ ಯಾರಿಗೂ ಹೇಳಿರಲಿಲ್ಲ. ಹೀಗಿರುವಾಗ ಇದನ್ನು ರೋಗವೆನ್ನಲು ಬಾರದು. ನಲವತ್ತು ವರ್ಷ ಒಂದೇ ಸೂರಿನಡಿ ಕೇಳಿದ ಸಪ್ಪಳವನ್ನು ಮೆದುಳು ಅದೇ ಹೊತ್ತಿಗೆ ನಿರೀಕ್ಷಿಸುತ್ತದೆ. ಅಭ್ಯಾಸ ತಪ್ಪಲು ಕಾಲ ಬೇಕು.

ಆದರೆ ನಮ್ಮ ಮನೆಗಳಲ್ಲಿ ನಡೆಯುವುದೇನು? ಆ ತಾಯಿ ಬಾಯಿಬಿಟ್ಟು ಹೇಳಿದರೆ "ಆತ್ಮಕ್ಕೆ ಶಾಂತಿಯಿಲ್ಲ", "ಏನೋ ಆಸೆ ಉಳಿದಿದೆ" ಎಂಬ ಮಾತು ಎದ್ದು, ಮನೆಗೆ ಯಾರು ಯಾರೋ ಬಂದು ಶಾಂತಿ ಮಾಡಿಸುವ ಪ್ರಸಂಗ ಒದಗುತ್ತದೆ. ಲಿಂಗೈಕ್ಯವೆಂದರೆ ಲಿಂಗದಲ್ಲಿ ಬೆರೆತು ಒಂದಾಗುವುದೆಂದು ನಂಬಿದ ನಾವು, ಬೆರೆತವರು ಮತ್ತೆ ಹಿತ್ತಲಲ್ಲಿ ಅಲೆಯುತ್ತಿದ್ದಾರೆಂದು ಹೆದರುವುದು ನಮ್ಮ ನಂಬಿಕೆಗೇ ಹೊಂದುವುದಿಲ್ಲ. ದುಃಖದಲ್ಲಿರುವ ಹೆಣ್ಣುಮಗಳಿಗೆ ಜೊತೆಯಲ್ಲಿ ಮಲಗುವ ಮಗಳೋ ಸೊಸೆಯೋ ಇದ್ದರೆ, ಹೋದವರ ಮಾತನ್ನು ಆಡಿಕೊಳ್ಳಲು ಅವಕಾಶವಿದ್ದರೆ ಸಾಕು. ಒಂದನ್ನು ಮಾತ್ರ ಗಮನಿಸಬೇಕು. ಆ ಧ್ವನಿ "ನೀನೂ ಬಂದುಬಿಡು" ಎಂದು ಕರೆಯುತ್ತಿದ್ದರೆ, ಊಟ ನಿದ್ರೆ ಬಿಟ್ಟು ತಾನಿರಬಾರದಿತ್ತೆಂಬ ಮಾತು ಬರುತ್ತಿದ್ದರೆ, ಅದು ತೀವ್ರ ಖಿನ್ನತೆಯ ಸೂಚನೆ. ಆಗ ಒಂದು ದಿನವನ್ನೂ ಕಳೆಯಬಾರದು.

ನಿದ್ರೆಯ ಅಂಚಿನ ಭ್ರಮೆಗಳು ಆರೋಗ್ಯವಂತರಿಗೂ ಆಗುತ್ತವೆ. ಕಣ್ಣು ಮುಚ್ಚುವಾಗ ಯಾರೋ ಹೆಸರು ಹಿಡಿದು ಕರೆದಂತಾಗುವುದು, ಎಚ್ಚರವಾದಾಗ ಕೋಣೆಯಲ್ಲಿ ಯಾರೋ ನಿಂತಂತೆ ಕಾಣುವುದು. ಕನಸು ಕಾಣುವಾಗ ನಮ್ಮ ಸ್ನಾಯುಗಳು ಸಡಿಲಾಗಿ ಚಲನೆ ನಿಂತಿರುತ್ತದೆ. ಇಲ್ಲವಾದರೆ ಕನಸಿನಲ್ಲಿ ಓಡಿದವರು ಹಾಸಿಗೆಯಿಂದಲೂ ಓಡುತ್ತಿದ್ದರು. ಕೆಲವೊಮ್ಮೆ ಎಚ್ಚರ ಮೊದಲು ಬಂದು, ಸ್ನಾಯುಗಳ ಕಟ್ಟು ಬಿಚ್ಚುವುದು ತಡವಾಗುತ್ತದೆ. ಆಗ ಕೂಗಲು ದನಿಯಿಲ್ಲ, ಎದೆಯ ಮೇಲೆ ಯಾರೋ ಕುಳಿತ ಭಾರ, ಕಣ್ಣೆದುರು ಕಪ್ಪು ಆಕೃತಿ. ಹಳ್ಳಿಗಳಲ್ಲಿ "ದೆವ್ವ ಎದಿ ಮ್ಯಾಲೆ ಕುಂತಿತ್ತು" ಎನ್ನುವುದು ಇದನ್ನೇ. ನಿದ್ರೆ ಕೆಟ್ಟವರಿಗೆ, ಅಂಗಾತ ಮಲಗುವವರಿಗೆ, ಪರೀಕ್ಷೆಗೆಂದು ರಾತ್ರಿಯೆಲ್ಲ ಓದುವ ಮಕ್ಕಳಿಗೆ ಇದು ಹೆಚ್ಚು. ಸ್ವಲ್ಪ ಹೊತ್ತಿನಲ್ಲಿ ತಾನಾಗಿಯೇ ಹೋಗುತ್ತದೆ. ಹೊತ್ತಿಗೆ ಸರಿಯಾಗಿ ಮಲಗಿದರೆ ಬಹುತೇಕ ಬರುವುದಿಲ್ಲ.

ಒಂದೆರಡು ದಿನಗಳಲ್ಲಿ, ಕೆಲವೊಮ್ಮೆ ಒಂದೆರಡು ಗಂಟೆಗಳಲ್ಲಿಯೇ, ಸರಿಯಾಗಿದ್ದವರು ದಿಕ್ಕುತಪ್ಪಿದಂತಾಗಿ, ಹಗಲು ರಾತ್ರಿಗಳ ಪರಿವೆಯಿಲ್ಲದೆ, ಗೋಡೆಯ ಮೇಲೆ ಹುಳುಗಳು ಹರಿಯುತ್ತಿವೆ, ಯಾರೋ ಬಂದಿದ್ದಾರೆ ಎಂದು ಹಲುಬತೊಡಗಿದರೆ, ಅದನ್ನು ನಮ್ಮ ಹಿರಿಯರು ಸನ್ನಿ ಎಂದು ಕರೆಯುತ್ತಿದ್ದರು. ಬಹಳ ಸಾರ್ಥಕವಾದ ಪದ. ಇದು ದೇಹದ ರೋಗ ತಲೆಗೇರಿದುದರ ಲಕ್ಷಣವೆಂಬ ತಿಳಿವಳಿಕೆ ಆ ಪದದಲ್ಲಿಯೇ ಇದೆ. ವಿಷಮಶೀತಜ್ವರ, ಮೆದುಳಿಗೇರಿದ ಮಲೇರಿಯಾ, ಶ್ವಾಸಕೋಶದ ಸೋಂಕು, ಮೂತ್ರದ ಸೋಂಕು, ರಕ್ತದಲ್ಲಿ ಸೋಡಿಯಂ ಅಥವಾ ಸಕ್ಕರೆ ತೀರ ಇಳಿಯುವುದು, ದೊಡ್ಡ ಶಸ್ತ್ರಚಿಕಿತ್ಸೆ, ಇವೆಲ್ಲ ಕಾರಣಗಳೇ. ವಯಸ್ಸಾದವರಲ್ಲಿ ಜ್ವರವೇ ಇಲ್ಲದೆ ಬರೀ ಮೂತ್ರದ ಸೋಂಕಿನಿಂದಲೂ ಸನ್ನಿಯಾಗಬಹುದು. ನೆಗಡಿಗೆ ಕೊಳ್ಳುವ ಕೆಲವು ಗುಳಿಗೆಗಳು, ನಿದ್ರೆಯ ಗುಳಿಗೆಗಳು, ಮೂತ್ರ ತಡೆಯಲು ಕೊಡುವ ಕೆಲವು ಔಷಧಿಗಳು ಕೂಡ ಮುದಿ ಮೆದುಳನ್ನು ಕೆಡಿಸುತ್ತವೆ. ಮನೋವೈದ್ಯರನ್ನು ಹುಡುಕುತ್ತ ಕೂಡದೆ, ಹತ್ತಿರದ ಆಸ್ಪತ್ರೆಗೆ ಅಂದೇ ಕರೆದೊಯ್ಯಬೇಕಾದ ಸ್ಥಿತಿ ಇದು. "ವಯಸ್ಸಾಯ್ತು, ಅರಳುಮರಳು" ಎಂದು ಬಿಟ್ಟುಬಿಟ್ಟದ್ದರಿಂದ ಗುಣವಾಗಬಹುದಾಗಿದ್ದ ಜೀವಗಳು ಹೋಗಿವೆ.

ದತ್ತೂರಿಯನ್ನೂ ಇಲ್ಲಿಯೇ ಹೇಳಿಬಿಡಬೇಕು. ಶಿವನಿಗೆ ಏರಿಸುವ ಹೂವೆಂದು ಹಿತ್ತಲಲ್ಲಿ ಬೆಳೆಸುವುದುಂಟು. ಅದರ ಬೀಜ ಎಲೆಗಳಲ್ಲಿರುವ ವಿಷವು ಕಣ್ಣಿನ ಪಾಪೆಯನ್ನು ಹಿಗ್ಗಿಸಿ, ಬಾಯಿ ಒಣಗಿಸಿ, ಮೈ ಕಾಯಿಸಿ, ಇಲ್ಲದ ವಸ್ತುಗಳನ್ನು ಹಿಡಿಯಲು ಕೈ ಚಾಚುವಂತೆ ಮಾಡುತ್ತದೆ. ಮಕ್ಕಳು ಮುಳ್ಳುಕಾಯಿಯೊಡೆದು ಬೀಜ ತಿಂದರೆ ತಕ್ಷಣ ಆಸ್ಪತ್ರೆಗೆ ಒಯ್ಯಬೇಕು. ದಮ್ಮಿಗೆ ಒಳ್ಳೆಯದೆಂದು ಎಲೆಯ ಹೊಗೆ ಎಳೆಯುವ ಹಳೆಯ ಪದ್ಧತಿಯೂ ಬೇಡ.

ಮದ್ಯದ ಸಂಗತಿಯಲ್ಲಿ ಬಹುಜನರಿಗೆ ತಿಳಿಯದ ಒಂದು ಅಪಾಯವಿದೆ. ಅದು ಕುಡಿದಾಗ ಬರುವುದಲ್ಲ, ಬಿಟ್ಟಾಗ ಬರುವುದು. ವರ್ಷಗಟ್ಟಲೆ ದಿನವೂ ಹೆಚ್ಚಾಗಿ ಕುಡಿದವನು ಒಮ್ಮೆಲೇ ನಿಲ್ಲಿಸಿದರೆ ಮೊದಲ ದಿನ ಕೈ ನಡುಗುತ್ತದೆ, ಬೆವರುತ್ತದೆ, ನಿದ್ರೆ ಬಾರದು. ಎರಡರಿಂದ ನಾಲ್ಕು ದಿನಗಳೊಳಗೆ ಕೆಲವರಿಗೆ ಹುಳು, ಇಲಿ, ಹಾವು ಮೈಮೇಲೆ ಹರಿದಂತೆ ಕಾಣತೊಡಗುತ್ತದೆ, ಮೂರ್ಛೆ ಬರಬಹುದು, ಚಿಕಿತ್ಸೆಯಿಲ್ಲದಿದ್ದರೆ ಸಾವೂ ಬರಬಹುದು. 2018ರಲ್ಲಿ ಲಿಂಗೈಕ್ಯರಾದ ಇಳಕಲ್ಲಿನ ಡಾ. ಮಹಾಂತ ಶಿವಯೋಗಿಗಳು ಜೋಳಿಗೆ ಹಿಡಿದು ಊರೂರು ತಿರುಗಿ, ಜನರ ದುಶ್ಚಟಗಳನ್ನೇ ಭಿಕ್ಷೆಯಾಗಿ ಬೇಡಿದ ಸಂಗತಿ ನಮ್ಮ ಓದುಗರಿಗೆ ಹೊಸದಲ್ಲ. ಆ ಪುಣ್ಯಕಾರ್ಯದಿಂದ ಉಳಿದ ಮನೆಗಳು ಎಷ್ಟೋ. ಅಂಥ ಸಂಕಲ್ಪವನ್ನು ಮಾಡುವ ಹೆಗ್ಗುಡುಕರ ಮನೆಯವರಲ್ಲಿ ನನ್ನ ಬಿನ್ನಹ ಇಷ್ಟೇ: ಜೋಳಿಗೆಗೆ ಹಾಕುವ ಮೊದಲು ವೈದ್ಯರಿಗೊಮ್ಮೆ ತೋರಿಸಿ. ಮೊದಲ ವಾರ ಔಷಧಿಯ ಆಸರೆಯಿದ್ದರೆ ಬಿಡುವುದು ಸುಖವಾಗಿ ಆಗುತ್ತದೆ. ಎರಡನೆಯ ದಿನ ಹಾವು ಕಂಡಿತೆಂದು ಕಿರುಚಿದವನಿಗೆ "ದೇವರ ಶಾಪ" ಎಂದು ಹೇಳಿ ಮತ್ತೆ ಕುಡಿಸಿದವರೂ ಉಂಟು, ಕೋಣೆಯಲ್ಲಿ ಕೂಡಿಹಾಕಿದವರೂ ಉಂಟು, ಎರಡೂ ತಪ್ಪು.

ಮೂಗು, ಚರ್ಮಗಳ ಭ್ರಮೆಗಳನ್ನು ಬೇಗ ಹೇಳಿ ಮುಗಿಸುತ್ತೇನೆ. ಇದ್ದಕ್ಕಿದ್ದಂತೆ ಸುಟ್ಟ ರಬ್ಬರಿನ ಅಥವಾ ಕೊಳೆತ ನಾತ ಬಂದು, ಒಂದೆರಡು ನಿಮಿಷದಲ್ಲಿ ಹೋಗಿ, ಅದರ ಬೆನ್ನಲ್ಲೇ ಮಂಕು ಕವಿಯುತ್ತಿದ್ದರೆ ಅದು ಮೂರ್ಛೆರೋಗದ ಒಂದು ಬಗೆಯಿರಬಹುದು. ನರರೋಗ ತಜ್ಞರು ನೋಡಬೇಕು. ನೆಗಡಿ, ಸೈನಸ್ ತೊಂದರೆಗಳಿಂದಲೂ ಇಲ್ಲದ ವಾಸನೆ ಬರುವುದುಂಟು. ಚರ್ಮದಡಿ ಹುಳು ಹರಿದಂತಾಗುವುದು ಮಾದಕ ವಸ್ತುಗಳ ಸೇವನೆಯಲ್ಲಿ ಕಾಣುವಂಥದು. ಕಾಲು ಕತ್ತರಿಸಿದವರಿಗೆ ಇಲ್ಲದ ಪಾದದಲ್ಲಿ ತುರಿಕೆ, ನೋವು ಇರುವುದಂತೂ ಎಲ್ಲ ವೈದ್ಯರಿಗೂ ಗೊತ್ತಿರುವ ಸಂಗತಿ.

ಕೋಣೆಯ ಬಾಗಿಲು ಹಾಕಿಕೊಂಡ ಮಗನೇ ನನ್ನ ನಿಜವಾದ ಚಿಂತೆ. ಹದಿಹರೆಯದ ಕೊನೆಗೋ ಇಪ್ಪತ್ತರ ಆಸುಪಾಸಿಗೋ ಓದಿನಲ್ಲಿ ಹಿಂದೆ ಬೀಳುವುದು, ಗೆಳೆಯರನ್ನು ಬಿಡುವುದು, ಸ್ನಾನ ಬಿಡುವುದು, ಸಂಶಯ, ಆಮೇಲೆ ಧ್ವನಿಗಳು. ಇಬ್ಬರು ತನ್ನ ಬಗ್ಗೆ ಮಾತಾಡಿಕೊಂಡಂತೆ, ತಾನು ಮಾಡುವ ಪ್ರತಿಯೊಂದನ್ನೂ ಯಾರೋ ಹೇಳುತ್ತ ಹೋದಂತೆ, "ಹೊಡಿ, ಹಾರು" ಎಂದು ಅಪ್ಪಣೆ ಕೊಟ್ಟಂತೆ ಕೇಳುತ್ತದೆ. ಇದು ಸ್ಕಿಜೋಫ್ರೀನಿಯಾ ಎಂಬ ರೋಗವಾಗಿರಬಹುದು. ಜಗತ್ತಿನಲ್ಲಿ ಸುಮಾರು 300 ಜನರಿಗೆ ಒಬ್ಬರಂತೆ ಈ ರೋಗವಿದೆಯೆಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಡೋಪಮೀನ್ ಎಂಬ ಮೆದುಳಿನ ರಾಸಾಯನಿಕದ ಏರುಪೇರು ಇದರ ಒಂದು ಮುಖ್ಯ ಅಂಶ. ವಂಶವಾಹಿಯ ಪಾಲೂ ಇದೆ, ಗಾಂಜಾ ಸೇವನೆ ಅಪಾಯವನ್ನು ಹೆಚ್ಚಿಸುತ್ತದೆ. ತಾಯಿತಂದೆಯರ ತಪ್ಪಿನಿಂದ ಬಂದದ್ದಲ್ಲ. 1952ರಲ್ಲಿ ಪ್ಯಾರಿಸ್ಸಿನ ವೈದ್ಯರು ಕ್ಲೋರ್‌ಪ್ರೊಮಜೀನ್ ಎಂಬ ಔಷಧಿಯ ಪ್ರಯೋಜನವನ್ನು ಕಂಡುಕೊಂಡ ಮೇಲೆ ಇದು ಚಿಕಿತ್ಸೆಗೆ ಮಣಿಯುವ ರೋಗವಾಯಿತು. ಅನಂತರ ಇನ್ನೂ ಹಲವು ಔಷಧಿಗಳು ಬಂದಿವೆ. ಚಿಕಿತ್ಸೆಯಿಲ್ಲದೆ ಕಳೆದ ತಿಂಗಳುಗಳು ಹೆಚ್ಚಿದಷ್ಟೂ ಗುಣವಾಗುವುದು ಕಷ್ಟವಾಗುತ್ತ ಹೋಗುತ್ತದೆ. ಆದ್ದರಿಂದಲೇ ಮಂತ್ರವಾದಿಗಳ ಬಾಗಿಲಲ್ಲಿ ಕಳೆಯುವ ಒಂದು ವರ್ಷಕ್ಕೆ ಬೆಲೆ ಕಟ್ಟಲಾಗದು.

ಇನ್ನೂ ಒಂದು ಪಿಡುಗು ಇದೆ. "ಮದುವೆ ಮಾಡಿದರೆ ಸರಿಹೋಗುತ್ತಾನೆ." ಈ ಮಾತನ್ನು ಹೇಳುವ ಹಿರಿಯರು ನಮ್ಮ ಸಮಾಜದಲ್ಲಿ ಇಂದಿಗೂ ಇದ್ದಾರೆ. ರೋಗವನ್ನು ಮುಚ್ಚಿಟ್ಟು ಕನ್ಯೆ ತಂದು, ಹುಡುಗ ಔಷಧಿ ನುಂಗುವುದು ಬೀಗರಿಗೆ ಕಂಡೀತೆಂದು ಗುಳಿಗೆಯನ್ನೇ ನಿಲ್ಲಿಸಿ, ಲಗ್ನದ ಗದ್ದಲದಲ್ಲಿ ನಿದ್ರೆ ಕೆಟ್ಟು ರೋಗ ಮರುಕಳಿಸಿ, ಒಂದು ತಿಂಗಳೊಳಗೆ ಎರಡು ಮನೆಗಳು ಹಾಳಾಗುವುದು ಹೊಸ ಕಥೆಯಲ್ಲ. ಗುಣಮುಖರಾದವರು ಮದುವೆಯಾಗಬಾರದೆಂದು ನಾನು ಹೇಳುತ್ತಿಲ್ಲ; ಸಂಸಾರ ನಡೆಸುತ್ತಿರುವವರು ಎಷ್ಟೋ ಮಂದಿ. ಎರಡೂ ಕಡೆಯವರಿಗೆ ತಿಳಿಸಿ, ವೈದ್ಯರನ್ನು ಕೇಳಿ ಮಾಡಬೇಕು. ಹೆಣ್ಣುಮಗಳಿಗೆ ರೋಗ ಬಂದಾಗ ತವರಿಗಟ್ಟಿ ಕೈತೊಳೆದುಕೊಳ್ಳುವುದು, ಗಂಡುಮಗನಿಗೆ ಬಂದಾಗ ಮುಚ್ಚಿಡುವುದು, ಸಮಾನತೆಯನ್ನು ಸಾರಿದ ಶರಣರ ಮಕ್ಕಳೆನ್ನುವವರು ಮಾಡತಕ್ಕ ಕೆಲಸವಲ್ಲ.

ಧ್ವನಿಗಳು ಏನು ಹೇಳುತ್ತವೆಂಬುದರಲ್ಲಿ ನಾಡಿನ ಬದುಕು ಪ್ರತಿಫಲಿಸುತ್ತದೆಂಬುದು ಕುತೂಹಲದ ಸಂಗತಿ. ಅಮೆರಿಕದ ಮಾನವಶಾಸ್ತ್ರಜ್ಞೆ ತಾನ್ಯಾ ಲುರ್ಮನ್ ಮತ್ತು ಸಹೋದ್ಯೋಗಿಗಳು ಕ್ಯಾಲಿಫೋರ್ನಿಯಾ, ಘಾನಾದ ಅಕ್ರಾ ಮತ್ತು ನಮ್ಮ ಚೆನ್ನೈಗಳಲ್ಲಿ ತಲಾ 20 ರೋಗಿಗಳನ್ನು ಮಾತನಾಡಿಸಿ 2015ರಲ್ಲಿ ವರದಿ ಪ್ರಕಟಿಸಿದರು. ಅಮೆರಿಕದವರ ಧ್ವನಿಗಳು ಹೆಚ್ಚಾಗಿ ಅಪರಿಚಿತರವು, ಹಿಂಸೆಯ ಮಾತಿನವು. ಚೆನ್ನೈನ ಅನೇಕರಿಗೆ ಕೇಳುತ್ತಿದ್ದುದು ಬಂಧುಗಳ ಧ್ವನಿ. ಮನೆಗೆಲಸ ಮಾಡೆಂದು ಹೇಳುವ, ಬೈಯುವ, ಬುದ್ಧಿವಾದ ಹೇಳುವ ಹಿರಿಯರ ಮಾತುಗಳು. ನಮ್ಮ ಕೂಡುಕುಟುಂಬಗಳು ರೋಗದೊಳಗೂ ಹೊಕ್ಕಿವೆ! ಭ್ರಮೆಯಲ್ಲಿ ಕೂಡ ಅತ್ತೆ ಬೈಯುವುದನ್ನು ಬಿಡಲಿಲ್ಲವೆಂದು ಸೊಸೆಯಂದಿರು ನಕ್ಕಾರು.

ಇನ್ನು ನಮ್ಮ ಓದುಗರ ಮನಸ್ಸಿನಲ್ಲಿ ಏಳಬಹುದಾದ ಪ್ರಶ್ನೆ: ಹಾಗಾದರೆ ಪೂಜೆಯಲ್ಲಿ ಕಾಣುವ ಬೆಳಕು, ಶರಣರ ಅನುಭಾವ ಇವೂ ಭ್ರಮೆಯೇ? ಇಷ್ಟಲಿಂಗವನ್ನು ಅಂಗೈಯಲ್ಲಿ ಹಿಡಿದು ರೆಪ್ಪೆ ಮಿಟುಕಿಸದೆ ನೋಡುವಾಗ, ಅದರ ಕಪ್ಪು ಹೊಳಪಿನ ಕವಚದಲ್ಲಿ ದೀಪದ ಪ್ರಕಾಶವು ಬಿಂದುವಾಗಿ ಹೊಳೆಯುತ್ತದೆ. ಅದು ಹೊರಗಿರುವ ಬೆಳಕೇ. ದೃಷ್ಟಿಯನ್ನು ಬೇರೆಡೆಗೆ ತಿರುಗಿಸಿದಾಗ ಕೆಲವು ಕ್ಷಣ ಅದರ ಆಕಾರ ಕಣ್ಣ ಮುಂದೆ ನಿಲ್ಲುವುದು ಅಕ್ಷಿಪಟಲದ ಸಹಜ ಕ್ರಿಯೆ. ಇವೆರಡೂ ರೋಗವಲ್ಲ. ಅನುಭಾವವಂತೂ ರೂಪಗಳನ್ನು ಕಾಣುವುದರಲ್ಲಿ, ಧ್ವನಿಗಳನ್ನು ಕೇಳುವುದರಲ್ಲಿ ಇಲ್ಲ. ಅದರ ಅಳತೆಗೋಲು ನಡೆ. ಕಾಯಕ, ದಾಸೋಹ, ಸಹಮಾನವರ ಬಗೆಗಿನ ಕರುಣೆ ಬೆಳೆಯಿತೇ ಎಂಬುದು. ಅದೇ ಸಮಯದಲ್ಲಿ ಮಗನೊಬ್ಬನು ಕಾಯಕ ಬಿಟ್ಟು, ಊಟ ಬಿಟ್ಟು, "ಲಿಂಗವೇ ನನಗೆ ಆಜ್ಞೆ ಮಾಡಿದೆ, ನಾನೇ ಅವತಾರಿ" ಎನ್ನತೊಡಗಿದರೆ ಭಕ್ತಿಯೆಂದು ಕೈಮುಗಿದು ಕೂಡಬಾರದು. ಜ್ವರ ಬಂದ ಭಕ್ತನಿಗೆ ಔಷಧಿ ಕೊಡುವುದರಿಂದ ಭಕ್ತಿಗೆ ಕುಂದಿಲ್ಲವಷ್ಟೆ, ಇದೂ ಹಾಗೆಯೇ. ಶರಣರು ಕ್ಷುದ್ರದೈವಗಳನ್ನೂ ಭೂತಪ್ರೇತಗಳ ಭಯವನ್ನೂ ಎಂಟುನೂರು ವರ್ಷಗಳ ಹಿಂದೆಯೇ ನಿರಾಕರಿಸಿದ್ದಾರೆ. ಇಂದು ನಾವು ಕೊರಳಲ್ಲಿ ಲಿಂಗ ಧರಿಸಿಯೂ ತೋಳಿಗೆ ತಾಯಿತ ಕಟ್ಟುತ್ತೇವೆ.

ಭ್ರಮೆಯಿರುವವರೊಡನೆ ಹೇಗೆ ನಡೆದುಕೊಳ್ಳಬೇಕು? "ಅಲ್ಲಿ ಏನೂ ಇಲ್ಲ, ಸುಮ್ಮನಿರು" ಎಂದು ಗದರಿಸಿದರೆ ಅವರಿಗೆ ನಿಮ್ಮ ಮೇಲೆಯೇ ನಂಬಿಕೆ ಹೋಗುತ್ತದೆ. "ಹೌದು, ನನಗೂ ಕಾಣುತ್ತಿದೆ" ಎಂದು ಹೂಂಗುಟ್ಟಿದರೆ ಭ್ರಮೆ ಬಲಿಯುತ್ತದೆ. "ನನಗೆ ಕೇಳುತ್ತಿಲ್ಲಪ್ಪಾ, ಆದರೆ ನಿನಗೆ ಕೇಳಿ ಭಯವಾಗುತ್ತಿದೆ ಎಂಬುದು ತಿಳಿಯುತ್ತದೆ" ಎಂಬ ಮಾತು ಸರಿಯಾದ ನಡುದಾರಿ. ಕೋಣೆಯಲ್ಲಿ ಬೆಳಕಿರಲಿ, ನೆರಳುಗಳೂ ಕನ್ನಡಿಯ ಪ್ರತಿಬಿಂಬಗಳೂ ಹಿರಿಯರ ಗೊಂದಲವನ್ನು ಹೆಚ್ಚಿಸುತ್ತವೆ. ಧ್ವನಿ ಏನು ಹೇಳುತ್ತದೆಂದು ಮೃದುವಾಗಿ ಕೇಳಿ ತಿಳಿಯಿರಿ. ಸಾಯೆಂದೋ ಹೊಡೆಯೆಂದೋ ಅಪ್ಪಣೆಯಾಗುತ್ತಿದ್ದರೆ ಒಂಟಿಯಾಗಿ ಬಿಡಬೇಡಿ. ಹೊಲಕ್ಕೆ ಸಿಂಪಡಿಸುವ ಕ್ರಿಮಿನಾಶಕದ ಡಬ್ಬಿಗಳನ್ನು ಮನೆಯಿಂದಲೇ ಹೊರಗೆ ಸಾಗಿಸಿ.

2001ರ ಆಗಸ್ಟ್ 6ರಂದು ತಮಿಳುನಾಡಿನ ಏರ್ವಾಡಿಯಲ್ಲಿ, ದರ್ಗಾದ ಬಳಿಯ ಒಂದು ಆಶ್ರಯದಲ್ಲಿ ಬೆಂಕಿ ಬಿದ್ದು 28 ಮಂದಿ ಮನೋರೋಗಿಗಳು ಸತ್ತರು. ಅವರನ್ನು ಸರಪಳಿಯಿಂದ ಕಟ್ಟಲಾಗಿತ್ತು, ಓಡಲಾಗಲಿಲ್ಲ. ಅವರನ್ನು ಅಲ್ಲಿ ಬಿಟ್ಟವರು ಕ್ರೂರಿಗಳೇನೂ ಆಗಿರಲಿಲ್ಲ, ನಮ್ಮಂಥವರೇ. ಗುಣವಾದೀತೆಂಬ ಆಸೆಯಿಂದ ಬಿಟ್ಟಿದ್ದರು. 2017ರ ಮಾನಸಿಕ ಆರೋಗ್ಯ ಆರೈಕೆ ಕಾಯಿದೆಯು ರೋಗಿಯನ್ನು ಸರಪಳಿಯಿಂದ ಕಟ್ಟುವುದನ್ನು ಯಾವ ರೂಪದಲ್ಲಿಯೂ ನಿಷೇಧಿಸಿದೆ.

ಚಿಕಿತ್ಸೆಗೆ ಈಗ ಬೆಂಗಳೂರಿನವರೆಗೆ ಓಡಲೇಬೇಕೆಂದಿಲ್ಲ. ಅಲ್ಲಿನ ನಿಮ್ಹಾನ್ಸ್, ಧಾರವಾಡದ ಡಿಮ್ಹಾನ್ಸ್ ಸಂಸ್ಥೆಗಳು ಇದ್ದೇ ಇವೆ. ಜಿಲ್ಲಾ ಆಸ್ಪತ್ರೆಗಳಲ್ಲಿಯೂ ಮನೋವೈದ್ಯರು ದೊರೆಯುತ್ತಾರೆ. ಯಾರನ್ನು ಕೇಳಬೇಕೆಂದು ತೋಚದಿದ್ದರೆ ಕೇಂದ್ರ ಸರಕಾರವು 2022ರ ಅಕ್ಟೋಬರ್ 10ರಂದು ಆರಂಭಿಸಿದ ಟೆಲಿ ಮಾನಸ್ ಸೇವೆಯ 14416 ಎಂಬ ಸಂಖ್ಯೆಗೆ ಹಗಲು ರಾತ್ರಿ ಯಾವಾಗ ಬೇಕಾದರೂ ದೂರವಾಣಿ ಮಾಡಬಹುದು. ಕನ್ನಡದಲ್ಲಿಯೇ ಮಾತನಾಡುತ್ತಾರೆ, ಶುಲ್ಕವಿಲ್ಲ. ವೈದ್ಯರ ಬಳಿಗೆ ಹೋಗುವಾಗ ರೋಗಿ ನುಂಗುತ್ತಿರುವ ಎಲ್ಲ ಗುಳಿಗೆಗಳನ್ನೂ, ನಾಟಿ ಔಷಧಿಯಿದ್ದರೆ ಅದನ್ನೂ ಒಂದು ಚೀಲದಲ್ಲಿ ಹಾಕಿಕೊಂಡು ಒಯ್ಯಿರಿ. ಯಾವಾಗ ಶುರುವಾಯಿತು, ಹಗಲೋ ರಾತ್ರಿಯೋ, ಕಂಡದ್ದೋ ಕೇಳಿದ್ದೋ, ಕಣ್ಣು ಕಿವಿ ಹೇಗಿವೆ, ಕುಡಿತವಿದೆಯೇ, ಈಚೆಗೆ ಮನೆಯಲ್ಲಿ ಸಾವಾಗಿದೆಯೇ ಎಂಬುದನ್ನು ಒಂದು ಚೀಟಿಯಲ್ಲಿ ಬರೆದುಕೊಂಡರೆ ಇನ್ನೂ ಒಳ್ಳೆಯದು. ವೈದ್ಯರ ಅರ್ಧ ಕೆಲಸವನ್ನು ಆ ಚೀಟಿಯೇ ಮಾಡಿಕೊಡುತ್ತದೆ.

ಹಿರಿಯರ ಮರೆವಿನ ಕಾಯಿಲೆಗಳ ಬಗ್ಗೆ ಇಲ್ಲಿ ಹೇಳಿದ್ದು ಅಲ್ಪ. ಮುಂದಿನ ಸಂಚಿಕೆಯನ್ನು ಅದಕ್ಕೇ ಮೀಸಲಿಡಲಾಗಿದೆ.